ಮೊದಲ ಟಿಕ್

ಬುಧವಾರ, ಜೂನ್ 4

ಮೂರು ದಿನಕ್ಕೆ ಮುನ್ನೂರು ಕಿಲೋಮೀಟರ್. ಬಂಕಿನಲ್ಲಿ ಹಾಕಿಸಿದ್ದು ಇಪ್ಪತ್ತು ಲೀಟರ್ ಡೀಸೆಲ್. ಲೀಟರಿಗೆ ಹದಿನೈದು. ಆಸ್ಪತ್ರೆ ಬೆಡ್‌ಶೀಟು, ಹೋಟೆಲ್ ಟವೆಲು ಹೊತ್ತು ತಿರುಗುವ ಲಾಂಡ್ರಿ ವ್ಯಾನು ಹದಿನೈದು ಕೊಡುತ್ತದೆ ಎಂದರೆ ಅದು ಗಾಡಿಯ ಗುಣವಲ್ಲ, ಓಡಿಸುವ ಕಾಲಿನ ಗುಣ. ಹೋದ ತಿಂಗಳ ಮಧ್ಯದವರೆಗೂ ಹನ್ನೆರಡೇ ಬರುತ್ತಿತ್ತು. ಹತ್ತೊಂಬತ್ತು ವರ್ಷ ಆದ ಮೇಲೂ ಪಳಗುತ್ತಲೇ ಇದ್ದೇನೆ. ಸುಮ್ಮಸುಮ್ಮನೆ ಜನ ನನ್ನನ್ನು ಮೈಲೇಜ್ ಅಕ್ಕ ಅನ್ನುವುದಿಲ್ಲ.

ಡೀಸೆಲ್ ಪಂಪಿನ ನಾಝಲ್ ಇವತ್ತೂ ಬೇಗ ಟಿಕ್ ಎಂದು ತಾನೇ ನಿಂತಿತು. ಈಚೆಗೆ ಹೀಗೇ. ಬಂಕಿನವಳು, "ಅಕ್ಕ, ಇನ್ನೂ ಹಿಡಿಯತ್ತೆ, ನಿಧಾನಕ್ಕೆ ಹಾಕ್ಲಾ?" ಎಂದಳು. ಬೇಡ ಎಂದೆ. ಮೊದಲ ಟಿಕ್ಕಿಗೆ ನಿಲ್ಲಿಸಬೇಕು — ಅದು ನನ್ನ ನಿಯಮ. ಅದರ ಮೇಲೂ ತುರುಕುವುದು ಹೊಟ್ಟೆ ತುಂಬಿದವರಿಗೆ ಬಡಿಸಿದಂತೆ. ಟ್ಯಾಂಕಿನ ಮುಳ್ಳು ಫುಲ್ ಗೆರೆಗಿಂತ ಸ್ವಲ್ಪ ಕೆಳಗೇ ಇತ್ತು. ಇರಲಿ. ಮುಳ್ಳನ್ನು ನಂಬಿ ಗಾಡಿ ಓಡಿಸಿದವಳಲ್ಲ ನಾನು.

ಶನಿವಾರ, ಜೂನ್ 7

ನಾದಿನಿಯ ಬಿಲ್ ನೋಡಿದೆ. ಮೂವತ್ತು ಲೀಟರ್. ಅದೇ ಗಾಡಿ, ಅದೇ ರೂಟು, ಅದೇ ಮುನ್ನೂರು. ಹತ್ತು!

ಮೂರನೇ ವಾರ ಇದು. ಸೋಮ, ಮಂಗಳ, ಬುಧ ನಾನು. ಗುರು, ಶುಕ್ರ, ಶನಿ ಅವಳು. ನನ್ನದು ಹದಿನೈದು, ಅವಳದು ಹತ್ತು. ಗಾಡಿಗೇನು ಅತ್ತಿಗೆ ಬೇರೆ ನಾದಿನಿ ಬೇರೆ ಎಂದು ಗೊತ್ತೇ?

"ಕ್ಲಚ್ ಮೇಲೆ ಕಾಲಿಟ್ಕೊಂಡು ನಿದ್ದೆ ಹೊಡೀತೀಯೇನೇ?" ಎಂದು ಕೇಳಿದೆ. ನಕ್ಕಳು. "ನಿಮ್ಮ ಹಾಗೇ ಓಡಿಸ್ತೀನಿ ಅತ್ತಿಗೆ."

ನಾನೇ ಕಲಿಸಿದ್ದು. ಲಾಂಡ್ರಿ ಹಿಂದಿನ ಖಾಲಿ ಜಾಗದಲ್ಲಿ. ರಿವರ್ಸ್ ಗೇರ್ ಹಾಕಿದರೆ ಅಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಎರಡು ವರ್ಷದಿಂದ ನಮ್ಮ ಹಿಂದಿನ ಕೋಣೆಯಲ್ಲಿದ್ದಾಳೆ. ಮಾಲೀಕರ ಹತ್ತಿರ ಮಾತಾಡಿ ಈ ಕೆಲಸ ಕೊಡಿಸಿದವಳೂ ನಾನೇ. ನಾಲ್ಕು ತಿಂಗಳಾಯಿತು. ಮೂರನೇ ಬೀದಿಯಲ್ಲಿ ಒಂದು ಬಾಡಿಗೆ ಮನೆ ನೋಡಿಟ್ಟಿದ್ದಾಳೆ. ಅಡುಗೆಮನೆ ಕಿಟಕಿಗೆ ಪರದೆ ಬಟ್ಟೆ ಕೂಡ ತಂದಾಗಿದೆ. ಹಳದಿ, ಸಣ್ಣ ಸಣ್ಣ ಎಲೆ.

ಗುರುವಾರ, ಜೂನ್ 12

ನನಗೆ ರಜೆ. ಆದರೂ ಅವಳ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಪರೀಕ್ಷೆ ಮಾಡಲೇಬೇಕಿತ್ತು.

ತಪ್ಪು ಸಿಗಲಿಲ್ಲ. ಸರಿಯಾದ ಗೇರು, ಮೆತ್ತನೆ ಬ್ರೇಕು, ಸಿಗ್ನಲ್ಲಿನಲ್ಲಿ ಇಂಜಿನ್ ಆಫ್. ಆಸ್ಪತ್ರೆ ಇಳಿಜಾರಿನಲ್ಲಂತೂ ಥೇಟ್ ನನ್ನ ಕಾಲು. ಟೈರಿನ ಗಾಳಿಯನ್ನೂ ನೋಡಿದೆ, ಸರಿಯಿದೆ.

ಓಡಿಸುವುದು ಸರಿಯಿದ್ದೂ ಡೀಸೆಲ್ ಖರ್ಚಾಗುತ್ತಿದೆ ಎಂದರೆ ಉಳಿದದ್ದು ಒಂದೇ. ಆ ಮಾತು ಬರೆಯಲು ಕೈ ಬರುತ್ತಿಲ್ಲ. ಆದರೆ ನನ್ನ ಲೆಕ್ಕ ಇವತ್ತಿನವರೆಗೂ ತಪ್ಪಿಲ್ಲ.

ಶನಿವಾರ, ಜೂನ್ 14

ಮತ್ತೆ ಮೂವತ್ತು. ಮತ್ತೆ ಹತ್ತು.

ಒಗೆದ ಬಟ್ಟೆ ಇಳಿಸುವ ಕಟ್ಟೆ ಹತ್ತಿರ ನಿಲ್ಲಿಸಿ ನೇರವಾಗಿ ಕೇಳಿದೆ.

"ವಾರಕ್ಕೆ ಹತ್ತು ಲೀಟರ್ ಎಲ್ಲಿಗೆ ಹೋಗ್ತಿದೆ?"

"ಎಲ್ಲಿಗೂ ಇಲ್ಲ ಅತ್ತಿಗೆ. ಟ್ಯಾಂಕ್ ತುಂಬಿಸಿಯೇ ನಿಲ್ಲಿಸ್ತೀನಿ, ನೀವು ಹೇಳಿಕೊಟ್ಟ ಹಾಗೆ."

"ನಾನು ಕೇಳಿದ್ದು ಅದಲ್ಲ."

ಅವಳ ಮುಖ ಸಣ್ಣದಾಯಿತು. ಸಿಕ್ಕಿಬಿದ್ದವರ ಮುಖ ಎಂದುಕೊಂಡೆ.

ಸೋಮವಾರ, ಜೂನ್ 16

ನಾಲ್ಕು ವಾರದ ಲೆಕ್ಕವನ್ನು ಬೇರೆ ಹಾಳೆಗೆ ಇಳಿಸಿ ಮಾಲೀಕರಿಗೆ ಕೊಟ್ಟೆ. ಎರಡು ಸಾಲು, ಹದಿನೈದು ಮತ್ತು ಹತ್ತು. ಬೇರೇನೂ ಹೇಳಲಿಲ್ಲ. ಹೇಳಬೇಕಾದದ್ದನ್ನೆಲ್ಲ ಅಂಕಿಗಳೇ ಹೇಳಿದವು.

ಮಾಲೀಕರು ಕನ್ನಡಕ ತೆಗೆದು ಒರೆಸಿದರು. "ಸಂಬಂಧ ಅಂತ ಮುಚ್ಚಿಡದೆ ತಂದ್ರಿ. ಒಳ್ಳೇದು. ಈ ತಿಂಗಳು ಬಟ್ಟೆ ಮಡಿಸೋ ಕಡೆ ಇರ್ಲಿ. ಮೂವತ್ತನೇ ತಾರೀಖಿಗೆ ಕೆಲಸದಿಂದ ಕಳಿಸಿಬಿಡೋಣ. ಗಾಡಿ ಆರೂ ದಿನ ನೀವೇ ನೋಡ್ಕೊಳ್ಳಿ."

ಮನೆಯಲ್ಲಿ ಗಂಡನಿಗೆ ಹೇಳಿದಾಗ ಶೇವ್ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಅರ್ಧ ಮುಖದ ತುಂಬ ನೊರೆ. "ಅವಳು ನನ್ನ ತಂಗಿ ಕಣೇ. ಸಣ್ಣವಳಿದ್ದಾಗ ಬೇರೆಯವರ ಪೆನ್ಸಿಲ್ ಕೂಡ ಮುಟ್ಟಿದವಳಲ್ಲ."

"ಪೆನ್ಸಿಲ್‌ಗೂ ಡೀಸೆಲ್‌ಗೂ ಏನ್ರೀ ಸಂಬಂಧ?"

ಅವರು ಕನ್ನಡಿಯತ್ತ ತಿರುಗಿ ರೇಜರ್ ಎತ್ತಿಕೊಂಡರು. ನಾನು ಮಾಡಿದ್ದು ಸರಿ. ಕಷ್ಟ, ಆದರೆ ಸರಿ.

ಬುಧವಾರ, ಜೂನ್ 18

ಇಪ್ಪತ್ತು ಲೀಟರ್. ಹದಿನೈದು. ಇಗೋ, ನೋಡಿ.

ಯಾರಿಗೆ ನೋಡಿ ಎನ್ನುತ್ತಿದ್ದೇನೋ ಗೊತ್ತಿಲ್ಲ. ಮನೆಯಲ್ಲಿ ಇಬ್ಬರೂ ನನ್ನ ಜೊತೆ ಹೂಂ, ಊಹೂಂ ಅಷ್ಟೇ. ಪರದೆ ಬಟ್ಟೆ ಮಡಿಕೆಯಾಗಿ ಬೀರುವಿನ ಮೇಲೆ ಹೋಗಿ ಕೂತಿದೆ.

ಶನಿವಾರ, ಜೂನ್ 21

ಇಪ್ಪತ್ತೈದು ಲೀಟರ್. ಹನ್ನೆರಡು.

ಸ್ಟೇಡಿಯಂ ರಸ್ತೆ ಅಗೆದಿದ್ದಾರೆ. ಅದಕ್ಕೇ.

ಬುಧವಾರ, ಜೂನ್ 25

ಹನ್ನೆರಡು. ರಸ್ತೆ ಮುಚ್ಚಿಯಾಗಿದೆ. ಗಾಡಿ ಮುಟ್ಟಿದ್ದು ನಾನೊಬ್ಬಳೇ. ಬೀಗದ ಕೈ ರಾತ್ರಿ ನನ್ನ ದಿಂಬಿನ ಕೆಳಗಿತ್ತು.

ಹಾಗಾದರೆ ಯಾರು…

ಶನಿವಾರ, ಜೂನ್ 28. ಮಧ್ಯಾಹ್ನ, ಬಂಕಿನ ಪಕ್ಕ ಗಾಡಿ ನಿಲ್ಲಿಸಿ

ಮತ್ತೆ ಇಪ್ಪತ್ತೈದು. ಮತ್ತೆ ಹನ್ನೆರಡು. ಬಂಕಿನವಳ ಮೇಲೆ ರೇಗಿದೆ. ನಿಮ್ಮ ಮೀಟರ್ ಸರಿಯಿಲ್ಲ ಎಂದೆ.

ಅವಳು ಐದು ಲೀಟರಿನ ಅಳತೆ ಪಾತ್ರೆ ತಂದು ಹಿಡಿದು ತೋರಿಸಿದಳು. ಗೆರೆಗೆ ಸರಿಯಾಗಿ ನಿಂತಿತು. ಆಮೇಲೆ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ, ತೀರಾ ಸಹಜವಾಗಿ ಕೇಳಿದಳು.

"ನಿಮ್ಮ ನಾದಿನಿ ಎಲ್ಲಿ ಅಕ್ಕ, ಕಾಣೋದೇ ಇಲ್ಲ? ಪಾಪ, ಹತ್ತು ನಿಮಿಷ ನಿಂತು ತುಂಬಿಸ್ಕೊಂಡು ಹೋಗೋರು. ಟ್ಯಾಂಕಿನ ಗಾಳಿ ಹೊರಗೆ ಬಿಡೋ ಪೈಪು ಕಟ್ಕೊಂಡಿದೆ ಅನ್ಸತ್ತೆ. ಜೋರಾಗಿ ಬಿಟ್ರೆ ತುಂಬೋ ಮುಂಚೆನೇ ಟಿಕ್ ಅಂತ ನಿಂತೋಗತ್ತೆ. ಅವ್ರು ಚೂರು ಚೂರೇ ಹಾಕಿಸಿ, ಕತ್ತಿನವರೆಗೆ ಬಂದ ಮೇಲೇ ಹೊರಡೋರು. ಹಿಂದಿನ ಗಾಡಿಯವರು ಎಷ್ಟು ಬೈದ್ರೂ ಜಗ್ಗುತ್ತಿರಲಿಲ್ಲ. 'ನಾಡಿದ್ದು ಅತ್ತಿಗೆ ಓಡಿಸಬೇಕು, ಅವರಿಗೆ ಕಡಿಮೆ ಆಗಬಾರದು' ಅನ್ನೋರು."

ಗಾಡಿಗೆ ಬಂದು ಕೂತೆ. ಇದನ್ನು ಬರೆದೆ.

ಭಾನುವಾರ, ಜೂನ್ 29. ಬೆಳಗ್ಗೆ

ಅಡುಗೆಮನೆ ನೆಲದ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಲೋಟ ಇಟ್ಟುಕೊಂಡು, ನೀರು ಹಾಕಿ ತೆಗೆದು.

ಮೂರು ದಿನಕ್ಕೆ ಗಾಡಿ ಕುಡಿಯುವುದು ಇಪ್ಪತ್ತೈದು. ಅವಳು ಕತ್ತಿನವರೆಗೆ ತುಂಬಿಸಿ ಕೊಡುತ್ತಿದ್ದಳು. ನಾನು ಓಡಿಸಿ, ಮೊದಲ ಟಿಕ್ಕಿಗೆ ಇಪ್ಪತ್ತೇ ಹಾಕಿಸಿ, ಐದು ಲೀಟರ್ ಕಡಿಮೆ ಬಿಟ್ಟು ಅವಳಿಗೆ ಕೊಡುತ್ತಿದ್ದೆ. ಅವಳು ತನ್ನ ಇಪ್ಪತ್ತೈದರ ಜೊತೆ ನಾನು ಬಿಟ್ಟ ಐದನ್ನೂ ತುಂಬಿಸುತ್ತಿದ್ದಳು. ಮೂವತ್ತು. ಅವಳ ಹತ್ತು ಸುಳ್ಳು. ನನ್ನ ಹದಿನೈದೂ ಸುಳ್ಳು. ಗಾಡಿ ಯಾವತ್ತೂ ಹನ್ನೆರಡೇ. ಅವಳನ್ನು ಗಾಡಿಯಿಂದ ಇಳಿಸಿದ ಮೇಲೆ ಬಂದ ಆ ಕೊನೆಯ ಹದಿನೈದು ಕೂಡ ಅವಳು ತುಂಬಿಸಿಟ್ಟು ಹೋದದ್ದೇ.

ಡೀಸೆಲ್ ಯಾರೂ ಕದ್ದಿಲ್ಲ. ಅವಳ ಮಾನ ತೆಗೆದವಳು ನಾನು. ನಾಚಿಕೆಯಾಯಿತು. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ನಾಚಿಕೆ ಆಗಿರಲಿಲ್ಲ.

ಭಾನುವಾರವೇ, ಸಂಜೆ

ಹಿಂದಿನ ಕೋಣೆಗೆ ಹೋದೆ. ಬಟ್ಟೆ ಮಡಿಸುತ್ತಿದ್ದಳು. ವಾರವೆಲ್ಲ ಅದೇ ಕೆಲಸ, ಮನೆಯಲ್ಲೂ ಅದೇ. ಎಲ್ಲ ಹೇಳಿದೆ. ಟಿಕ್ಕು, ಪೈಪು, ಎರಡು ಲೋಟ. ತಪ್ಪಾಯ್ತು ಎಂದೆ.

ದಿಂಬಿನ ಕವರಿನ ಮಡಿಕೆಯನ್ನು ತೀಡಿದಳು.

"ಕದ್ದಿದೀಯಾ ಅಂತ ನೀವು ಕೇಳಿದ್ದಿದ್ರೆ ಇಲ್ಲ ಅಂತಿದ್ದೆ ಅತ್ತಿಗೆ. ನೀವು ಕೇಳಲೇ ಇಲ್ಲ. ಹಾಳೆ ಬರ್ಕೊಂಡು ಹೋದ್ರಿ."

ನನ್ನಲ್ಲಿ ಇದ್ದದ್ದು ಒಂದು ಯೋಚನೆ. ಪೈಪು ಈಗಲೇ ರಿಪೇರಿ ಮಾಡಿಸುವುದಿಲ್ಲ. ನಾಳೆ ಮೂವತ್ತನೇ ತಾರೀಖು, ಅವಳ ಕೆಲಸದ ಕೊನೆಯ ದಿನ. ಮಾಲೀಕರಿಗೆ ಇನ್ನೊಂದು ಹಾಳೆ ಕೊಟ್ಟರೆ ನಾದಿನಿಯನ್ನು ಉಳಿಸಿಕೊಳ್ಳಲು ಆಡುವ ನಾಟಕ ಎನ್ನುತ್ತಾರೆ. ಕಣ್ಣಾರೆ ನೋಡಲಿ. ಫೋನ್ ಮಾಡಿದೆ. ಬರುತ್ತೇನೆ ಎಂದರು, ಗೊಣಗುತ್ತಲೇ.

"ನೀನೂ ಬರಬೇಕು," ಎಂದೆ.

"ನೋಡೋಣ," ಎಂದಳು.

ಸೋಮವಾರ, ಜೂನ್ 30. ಬೆಳಗ್ಗೆ 7.40, ಬಂಕ್

ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಬಂದಿದ್ದಾಳೆ. ಮಾಲೀಕರೂ ಬಂದಿದ್ದಾರೆ.

ಟ್ಯಾಂಕನ್ನು ಶನಿವಾರ ನಾನೇ 'ಫುಲ್' ಮಾಡಿಸಿದ್ದು. ಆಮೇಲೆ ಗಾಡಿ ಓಡಿದ್ದು ಮನೆಗೆ ಹೋಗಲು, ಮತ್ತೆ ಇಲ್ಲಿಗೆ ಬರಲು ಮಾತ್ರ. ಮೊದಲು ನಾನು ನಾಝಲ್ ಹಿಡಿದೆ. ಅರ್ಧ ಲೀಟರೂ ಹೋಗಲಿಲ್ಲ, ಟಿಕ್.

ಮಾಲೀಕರು ವಾಚ್ ನೋಡಿಕೊಂಡರು. "ಫುಲ್ ಆಗಿದೆಯಲ್ಲಮ್ಮ. ಇದನ್ನ ತೋರಿಸೋಕೆ ಕರೆಸಿದ್ರಾ?"

"ಹೌದು ಸಾರ್. ನನ್ನ ಫುಲ್ ಇಷ್ಟೇ. ಈಗ ಅವಳದನ್ನ ನೋಡಿ."

ನಾಝಲನ್ನು ಅವಳ ಕೈಗೆ ಕೊಟ್ಟು ಬಂದು ಸೀಟಿನಲ್ಲಿ ಕೂತಿದ್ದೇನೆ. ಐದು ಹೋಗುತ್ತದೆ. ನನಗೆ ಅನುಮಾನವಿಲ್ಲ. ಈ ಸಲ ನನ್ನ ಲೆಕ್ಕ ಸರಿಯಿದೆ.

ಬೆರಳ ತುದಿಯಲ್ಲಿ ಒತ್ತುತ್ತಿದ್ದಾಳೆ. ಒಂದು ಲೀಟರ್. ಹಿಂದೆ ಎರಡು ಗಾಡಿ ಬಂದು ನಿಂತವು.

ಎರಡು. ಮಾಲೀಕರು ವಾಚ್ ಬಿಟ್ಟು ಮೀಟರ್ ನೋಡುತ್ತಿದ್ದಾರೆ.

ಮೂರು. ಹಿಂದಿನವನು ಹಾರ್ನ್ ಹೊಡೆಯುತ್ತಿದ್ದಾನೆ, ಬಿಡದೆ. ಅವಳು ತಿರುಗಿಯೂ ನೋಡಲಿಲ್ಲ. ಹೀಗೇ ನಿಲ್ಲುತ್ತಿದ್ದಳು, ಶನಿವಾರ ಶನಿವಾರ, ನನ್ನ ಸೋಮವಾರಕ್ಕಾಗಿ.

ನಾಲ್ಕು. ಮಾಲೀಕರು ಕನ್ನಡಕ ತೆಗೆದರು.

ನಾಲ್ಕೂವರೆ. ಸೈಡ್ ಮಿರರಿನಲ್ಲಿ ಅವಳ ಮುಖ ಕಾಣುತ್ತಿದೆ. ನನ್ನ ಕಡೆ ನೋಡಿ ಏನೋ ಹೇಳುತ್ತಿದ್ದಾಳೆ, ಹಾರ್ನಿನಲ್ಲಿ ಕೇಳಿಸುತ್ತಿಲ್ಲ. ಗಾಜು ಇಳಿಸಿದೆ —

"ಅತ್ತಿಗೆ, ಬರ್ಕೊಳ್ಳಿ. ಐದು ಲೀಟರ್."