ಶನಿವಾರದ ಶಬ್ದ

ರಂಗಂಪೇಟೆ, ಸುರಪುರ
೯ ಡಿಸೆಂಬರ್ ೨೦೨೪

ಚಿರಂಜೀವಿ ಪಂಚಶೀಲಾ,

ನಿನ್ನ ಹಳೆಯ ಇಂಗ್ಲಿಷ್ ಮಾಸ್ತರ ಜಗದೇವಪ್ಪನ ಆಶೀರ್ವಾದ. ನಾನು, ನನ್ನ ಹೆಂಡತಿ ಬಸವೇಶ್ವರಿ ಇಬ್ಬರೂ ಆರಾಮ ಇದ್ದೇವೆ. ನೀನೂ ನಿನ್ನ ಮಕ್ಕಳೂ ಆರಾಮ ಇದ್ದೀರೆಂದು ನಂಬಿದ್ದೇನೆ. ಆಧಾರ್ ಕಾರ್ಡಿನಲ್ಲಿ ಹೆಸರು ಸರಿಯಾಯಿತೇ ಎಂದು ನೀನು ಮೊಬೈಲಿನಲ್ಲಿ ಕೇಳಿ ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಬೇಜಾರಾಗಬೇಡ. ಯಾದಗಿರಿಯಲ್ಲಿ ಬಲಗಣ್ಣಿನ ಪೊರೆ ತೆಗೆಸಿದೆ. ಹದಿನೈದು ದಿನ ಓದಬೇಡ, ಬರೆಯಬೇಡ ಎಂದರು. ಉಳಿದ ಹದಿನೈದು ದಿನ ಕಣ್ಣಿನ ತಪ್ಪಲ್ಲ, ನನ್ನದೇ. ಹೆಸರು ಸರಿಯಾಗಿದೆ. ಈ ಅಕ್ಷರ ನೋಡಿ ನಗಬೇಡ. ಓದಲಾಗದ ಬರವಣಿಗೆಗೆ ಇಂಗ್ಲಿಷಿನಲ್ಲಿ ಗ್ರಿಫನೇಜ್ ಎನ್ನುತ್ತಾರೆ. ನೋಡು, ಚಟ ಇನ್ನೂ ಹೋಗಿಲ್ಲ.

ನನ್ನ ಆಧಾರ್ ಹೆಸರು ತಿದ್ದಿಸಲು ಶಹಾಪುರದ ನಿಮ್ಮ ಕಚೇರಿಗೆ ಬಂದ ದಿನ ನೀನು ಕುರ್ಚಿ ಬಿಟ್ಟು ಎದ್ದು ಬಂದೆ. "ಸರ್ರ, ನಾ ಪಂಚಶೀಲಾರಿ, ದೇವಿಂದ್ರನ ಮಗಳು," ಅಂದೆ. ಚಹಾ ತರಿಸಿದೆ. ಹತ್ತು ಜನರ ಮುಂದೆ "ನಮ್ಮ ಮಾಸ್ತರ್ರಿ ಇವ್ರು" ಎಂದು ಹೇಳಿಕೊಂಡೆ. ನಾನು ಜಂಬದ ಕೋಳಿ, ನಿನಗೆ ಗೊತ್ತಲ್ಲ, ಉಬ್ಬಿ ಕುಳಿತೆ. ಅರ್ಜಿ ಇಂಗ್ಲಿಷಿನಲ್ಲಿತ್ತು, ನನಗೆ ಅಕ್ಷರ ಕಾಣುತ್ತಿರಲಿಲ್ಲ, ನಿನ್ನ ಕೈಗೆ ಕೊಟ್ಟೆ. ನೀನು ಅದನ್ನು ಪಕ್ಕದ ಮೇಜಿನವರ ಕಡೆ ಸರಿಸಿ ನಕ್ಕೆ. "ಇಂಗ್ಲಿಷ್ ಅಂದ್ರ ನನಗ ಇನ್ನೂ ಕೈ ನಡಗತಾವ್ರಿ ಸರ್ರ. ಇವ್ರು ತುಂಬ್ತಾರ, ನೀವು ಚಾ ಕುಡೀರಿ." ಆ ಚಹಾ ಅರ್ಧಕ್ಕೇ ಬಿಟ್ಟೆ.

ಯಾಕೆ ನಡುಗುತ್ತವೆ ಎಂಬುದು ನನಗೆ ಗೊತ್ತು. ನಿನಗೂ ಗೊತ್ತಿರಬೇಕು. ಗೊತ್ತಿದ್ದೂ ಕುರ್ಚಿ ಕೊಟ್ಟೆಯಾ, ಮರೆತು ಕೊಟ್ಟೆಯಾ ಎಂದು ಯೋಚಿಸಿ ಯೋಚಿಸಿ ಸಾಕಾಗಿದೆ.

ಕೆಂಭಾವಿ ಹತ್ತಿರದ ನಮ್ಮ ಶಾಲೆಯಲ್ಲಿ ಶನಿವಾರದ ಶಬ್ದ ಎಂಬುದು ನಾನೇ ಹಚ್ಚಿದ ಚಟ. ಪ್ರಾರ್ಥನೆ ಮುಗಿದ ಕೂಡಲೇ ಒಬ್ಬರು ಯಾರೂ ಕೇಳದ ಒಂದು ಇಂಗ್ಲಿಷ್ ಶಬ್ದ ತರಬೇಕು, ಅರ್ಥ ಹೇಳಬೇಕು. ನನಗೆ ಗೊತ್ತಿಲ್ಲದ ಶಬ್ದವಾದರೆ ನನ್ನ ಕಿಸೆಯ ಪೆನ್ನು ಅವರದು. ತರದವರಿಗೆ ನಾನೇ ಒಂದು ಕೊಡುತ್ತಿದ್ದೆ. ಹಸಿದ ಹೊಟ್ಟೆ ಗುರುಗುಟ್ಟುವುದಕ್ಕೆ ಬೊರ್ಬೊರಿಗ್ಮಸ್ ಎಂದಾಗ ನೀವೆಲ್ಲ ಬೆಂಚು ಬಡಿದು ನಕ್ಕಿದ್ದಿರಿ. ಎರಡು ಹುಬ್ಬುಗಳ ನಡುವಿನ ಜಾಗಕ್ಕೆ ಗ್ಲಬೆಲ್ಲಾ ಎಂದಾಗ ನಿನ್ನ ಗೆಳತಿ ಅಯ್ಯಮ್ಮ ತನ್ನ ಕುಂಕುಮ ಮುಟ್ಟಿ ನೋಡಿಕೊಂಡಿದ್ದಳು. ಹನ್ನೊಂದು ವರ್ಷ ಆ ಪೆನ್ನು ನನ್ನ ಕಿಸೆ ಬಿಟ್ಟು ಕದಲಿರಲಿಲ್ಲ. ಊರಲ್ಲೆಲ್ಲ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ.

೨೦೦೪ರಲ್ಲಿ, ಒಂಬತ್ತನೇ ತರಗತಿಯಲ್ಲಿ, ನಿನ್ನ ಪಾಳಿ ಬಂತು. ಎದ್ದು ನಿಂತು "ಓವರ್‌ಮಾರೋ" ಅಂದೆ. "ನಾಳಿ ಆದ ಮ್ಯಾಲಿನ ದಿನಕ್ಕ ನಾವು ನಾಡಿದ್ದು ಅಂತೀವಲ್ರಿ ಸರ್ರ, ಇಂಗ್ಲಿಷಿನ್ಯಾಗೂ ಅದಕ್ಕ ಒಂದು ಶಬ್ದ ಇತ್ತಂತ್ರಿ. ಈಗ ಯಾರೂ ಅನ್ನಂಗಿಲ್ಲಂತ." ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಪೆನ್ನು ಕೊಟ್ಟಿದ್ದರೆ ಮುಗಿಯುತ್ತಿತ್ತು. ನಾನು ಹೇಳಿದ್ದೇನು? "ಇಲ್ಲದ ಶಬ್ದ ಹುಟ್ಟಿಸ್ಕೊಂಡು ಬಂದೀಯೇನು? ನಿಮ್ಮ ಓಣ್ಯಾಗ ಇಂಗ್ಲಿಷ್ ಹುಟ್ಟತದೇನು?" ತರಗತಿ ಗೊಳ್ಳೆಂದು ನಕ್ಕಿತು. ಬೇರೆ ಓಣಿಯ ಮಗು ತಂದಿದ್ದರೆ ಓಣಿಯ ಮಾತು ನನ್ನ ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ಬರೆಯಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಿಮಗೆಲ್ಲ ಕಾಪಿ ಬರೆಸಿದವನೂ ನಾನೇ.

ಸೋಮವಾರ ನಿಮ್ಮ ತಂದೆ ಬಂದರು, ಕೂಲಿ ಬಿಟ್ಟು. ಯಾದಗಿರಿಯ ರದ್ದಿ ಅಂಗಡಿಯಲ್ಲಿ ನಿನಗಾಗಿ ಕೊಂಡಿದ್ದ ಆ ದಪ್ಪ ಹಳೇ ಡಿಕ್ಷನರಿಯನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಬಾಗಿಲ ಹೊರಗೆ ನಿಂತು, "ಜೈಭೀಮ್ರಿ ಸರ್ರ. ಇದರಾಗ ಅದರಿ ಆ ಶಬ್ದ. ಒಂದು ಸಲ ನೋಡ್ರಿ. ನೋಡಿ, ಖರೇ ಅದ ಅಂತ ಹುಡುಗಿಗಿ ಹೇಳ್ರಿ, ಸಾಕು," ಅಂದರು. "ಕ್ಲಾಸ್ ನಡದದ, ಆಮ್ಯಾಲ ಬಾ," ಅಂದೆ. ಗಂಟೆ ಬಾರಿಸುವ ತನಕ ಅವರು ಬೇವಿನ ಗಿಡದ ಕೆಳಗೆ ನಿಂತಿದ್ದರು. ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋದೆ.

ಆಮೇಲೆ ನೀನು ನನ್ನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹತ್ತನೇಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದೆ, ಮತ್ತೆ ಕಟ್ಟಿ ಪಾಸಾದೆ ಎಂದು ಕೇಳಿದೆ. ಶಬ್ದಕ್ಕಾಗಿ ಡಿಕ್ಷನರಿ ತಿರುವಿ ಹಾಕುತ್ತಿದ್ದ ಹುಡುಗಿಯನ್ನು ಇಂಗ್ಲಿಷಿಗೆ ಅಂಜುವ ಹಾಗೆ ಮಾಡಿದವನು ನಾನು. ನಿಮ್ಮ ತಂದೆ ತೀರಿಹೋದ ಸುದ್ದಿ ಕಚೇರಿಯಲ್ಲಿ ನಿನ್ನ ಬಾಯಿಂದಲೇ ತಿಳಿಯಿತು. ಅವರ ಮುಂದೆ ಹೇಳಬೇಕಾದ್ದನ್ನು ಇನ್ನು ಯಾರ ಮುಂದೆ ಹೇಳಲಿ?

ಈಗ ಇನ್ನೊಂದು ಸುದ್ದಿ. ನಿನಗಿಂತ ಎಂಟು ವರ್ಷ ಚಿಕ್ಕವನಾದ ಸಂಜುಕುಮಾರ ಎಂಬ ನನ್ನ ವಿದ್ಯಾರ್ಥಿ ಮತ್ತು ಅವನ ಗೆಳೆಯರು ಜನವರಿ ಹನ್ನೆರಡಕ್ಕೆ ಸುರಪುರದಲ್ಲಿ ನನಗೆ ಗುರುವಂದನೆ ಇಟ್ಟುಕೊಂಡಿದ್ದಾರೆ. ಶನಿವಾರದ ಶಬ್ದಗಳನ್ನೆಲ್ಲ ಸೇರಿಸಿ ಒಂದು ಪುಸ್ತಕವನ್ನೂ ಮಾಡಿಸಿದ್ದಾರೆ. ಬೇಡಪ್ಪ ಅಂದೆ. ಬಸವೇಶ್ವರಿ ಬಿಡಲಿಲ್ಲ. "ಹುಡುಗ್ರು ಶಾಲು ಹೊಚ್ತೀವಂದ್ರ ನಿಮಗ್ಯಾಕ ನಾಚಿಕಿ? ಸುಮ್ನ ಹೋಗಿ ಕುಂದರ್ರಿ," ಅಂದಳು. ಅವಳಿಗೆ ಏನೂ ಗೊತ್ತಿಲ್ಲ.

ಆ ವೇದಿಕೆಯ ಮೇಲೆ ಈ ಸಂಗತಿ ಹೇಳಬೇಕೆಂದಿದ್ದೇನೆ, ನಿನ್ನ ಹೆಸರು, ನಿಮ್ಮ ತಂದೆಯ ಹೆಸರು ಹಿಡಿದು. ಆದರೆ ನಿನ್ನ ವಿಷಯವನ್ನು ನಿನ್ನನ್ನು ಕೇಳದೆ ನಾಲ್ಕು ಜನರೆದುರು ಆಡಿದ್ದು ಒಮ್ಮೆ ಆಗಿದೆ. ಅದಕ್ಕೆ ಈ ಸಲ ಕೇಳುತ್ತಿದ್ದೇನೆ. ಹೇಳ್ರಿ ಅಂದರೆ ಹೇಳುತ್ತೇನೆ. ಬೇಡ ಅಂದರೆ ಶಾಲೂ ಬೇಡವೆಂದು ಮನೆಯಲ್ಲೇ ಇರುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಮಕ್ಕಳಿಗೆ ಅಜ್ಜನ ಆಶೀರ್ವಾದ. ಓದಲಿ, ದೊಡ್ಡವರಾಗಲಿ, ನನಗಿಂತ ಒಳ್ಳೆಯ ಮಾಸ್ತರು ಅವರಿಗೆ ಸಿಗಲಿ.

ಇಂತಿ,
ಜಗದೇವಪ್ಪ

ತಾ.ಕ.: ಮೇಲೆ ಒಂದು ಮಾತು ನುಂಗಿಕೊಂಡಿದ್ದೆ. ಆ ಸೋಮವಾರ ನಿಮ್ಮ ತಂದೆ ಡಿಕ್ಷನರಿಯನ್ನು ಜವಾನ ಮಲ್ಕಪ್ಪನ ಕೈಗೆ ಕೊಟ್ಟು ಹೋಗಿದ್ದರು. ಸಂಜೆ ಮಲ್ಕಪ್ಪ ಮನೆಗೆ ತಂದುಕೊಟ್ಟ. ತೆರೆದು ನೋಡಿದೆ. ಶಬ್ದ ಇತ್ತು, ನೀನು ಹೇಳಿದ ಅರ್ಥವೇ ಇತ್ತು. ಮರುದಿನ ಏನೂ ಹೇಳದೆ ಮಲ್ಕಪ್ಪನ ಕೈಯಲ್ಲೇ ವಾಪಸ್ ಕಳಿಸಿದೆ. ನೀನು ಶಾಲೆ ಮುಗಿಸಿ ಹೋದ ಮೇಲೆ, ಬಂದ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಮೊದಲ ಶಬ್ದವಾಗಿ ಓವರ್‌ಮಾರೋ ಕೊಟ್ಟೆ. "ಎಲ್ಲಿ ಸಿಕ್ಕಿತ್ರಿ ಸರ್?" ಎಂದು ಕೇಳಿದರು. ನಾನೇ ಹುಡುಕಿದೆ ಅಂದೆ. ನಿವೃತ್ತಿಯಾಗುವ ತನಕ ಪ್ರತಿ ಜೂನ್‌ನಲ್ಲೂ ಹಾಗೆಯೇ ಅಂದೆ. ಸಂಜುಕುಮಾರ ಪುಸ್ತಕಕ್ಕೆ ಆ ಶಬ್ದವನ್ನೇ ಹೆಸರಾಗಿ ಇಟ್ಟಿದ್ದಾನೆ. ಅದರ ಕೆಳಗೆ ನನ್ನ ಫೋಟೋ ಇದೆ.