ಹಿಟ್ಟಿನ ಡಬ್ಬದಲ್ಲಿರೋ ಪಂಪು

ಮಗನೇ,

ಕಾರು ಎಲ್ಲಿ ಅಂತ ಬೀದಿಯೆಲ್ಲ ಹುಡುಕಬೇಡ. ನಿಮ್ಮ ದೊಡ್ಡಮ್ಮನ್ನ ಕೂರಿಸ್ಕೊಂಡು ಕೆರೆ ತನಕ ಹೋಗಿದ್ದೀನಿ. ಕೀ ಬಚ್ಚಿಡೋಕೆ ನಿಂಗೆ ಹಿಟ್ಟಿನ ಡಬ್ಬವೇ ಬೇಕಿತ್ತಾ? ದಿನಾ ಅಡುಗೆ ಮಾಡೋಳು ನಾನು.

ಸ್ಟಿಯರಿಂಗ್ ಗಟ್ಟಿಯಾಗಿದೆ ಅಂತ ನಾನು ಅಂದಿದ್ದಕ್ಕೆ, 'ಅಮ್ಮನ ಕೈಲಿ ಶಕ್ತಿ ಇಲ್ಲ, ಕಾರು ಮಾರಿಬಿಡೋಣ' ಅಂತ ಹೆಂಡತಿ ಹತ್ರ ಪಿಸುಗುಟ್ಟಿದೆಯಲ್ಲ, ಕೇಳಿಸ್ತು. ಕಿವಿನೂ ಚೆನ್ನಾಗೇ ಇದೆ ಕಣೋ. ಇಪ್ಪತ್ತೆಂಟು ವರ್ಷ ಸ್ಕೂಲ್ ವ್ಯಾನ್ ಓಡಿಸಿದ ಕೈ ಇದು. ಬಾನೆಟ್ ಎತ್ತಿ ನೋಡೋಕೆ ನಿಂಗೆ ಪುರುಸೊತ್ತಿರಲಿಲ್ಲ. ನಾನು ನೋಡಿದೆ. ಪವರ್ ಸ್ಟಿಯರಿಂಗ್ ಪಂಪು ಕೆಟ್ಟಿತ್ತು. ನೀವಿಬ್ರೂ ಆಫೀಸಿಗೆ ಹೋದ ಮೇಲೆ, ಎರಡು ದಿನ ಒದ್ದಾಡಿ ನಾನೇ ಹೊಸದು ಹಾಕಿದೆ. ಈಗ ಒಂದೇ ಬೆರಳಿಗೆ ತಿರುಗುತ್ತೆ.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೋ. ನೀಲಿ ಟಬ್ಬಲ್ಲಿ ಹಳೇ ಆಯಿಲ್ ಇದೆ, ಅದರಲ್ಲಿ ಬಟ್ಟೆ ನೆನೆಸಬೇಡ. ನಿನ್ನ ಬಿಳಿ ಟವೆಲ್ ಇನ್ಮೇಲೆ ಒರೆಸೋ ಬಟ್ಟೆ.

ಹಿಟ್ಟನ್ನ ಬೇರೆ ಡಬ್ಬಕ್ಕೆ ಹಾಕಿದ್ದೀನಿ. ಕೀ ಇದ್ದ ಡಬ್ಬದಲ್ಲಿ ಈಗ ಹಳೇ ಪಂಪಿದೆ. ಅದರ ಗಾಲಿ ಕಚ್ಕೊಂಡಿದೆ, ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡು. ತಿರುಗದಿದ್ರೆ ನಿಂಗೂ ವಯಸ್ಸಾಯ್ತು ಅಂತ ಅರ್ಥ. ಸಂಜೆ ಬಂದು ನಿನ್ನ ಸ್ಕೂಟರ್ ಕೀ ನಾನು ಬಚ್ಚಿಡ್ತೀನಿ.

ಅಮ್ಮ