ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲು

ಯರಗುಪ್ಪಿ,
೧೮ ಜನವರಿ ೨೦೨೬, ರವಿವಾರ

ಮಗಳೇ ನೇತ್ರಾ,

ಮೊದಲು ಆಶೀರ್ವಾದ, ಬೈಗುಳ ಆಮೇಲೆ. ಫೋನಿನಲ್ಲಿ ಮಾತಾಡಲು ಹೋದರೆ ನೀನು ಅಳುತ್ತೀ, ನಾನು ಒದರುತ್ತೇನೆ, ಅಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಬರೆಯಲು ಕುಳಿತೆ. ಅಕ್ಷರ ಸೊಟ್ಟಗಾಗಿವೆ, ಸಾಲು ಏರಿ ಇಳಿದಿವೆ. ಲಕ್ವಾ ಹೊಡೆದ ಬಲಗೈಯಿಂದ ಸದ್ಯಕ್ಕೆ ಇಷ್ಟೇ ಸಾಧ್ಯ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳ ಗತಿ ನೋಡು! ಬರೆದು ಮುಗಿದ ಮೇಲೆ ನಿಮ್ಮ ವೈನಿ ಶೈಲಾ ಫೋಟೋ ತೆಗೆದು ನಿನ್ನ ಮೊಬೈಲಿಗೆ ಕಳಿಸುತ್ತಾಳೆ.

ನೀನು ಫೇಲಾದೆ ಎಂದು ಹೇಳಿದ ದಿನ ಆ ಜರ್ಮನಿ ಮಂದಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಮಾಡುತ್ತಲೇ ಅವರ ಭಾಷೆ ಕಲಿತೆ, ಅದರಲ್ಲಿ ಪಾಸಾದೆ, ಅಲ್ಲಿಗೆ ಹೋಗಿ ಬೇರೆ ನರ್ಸುಗಳ ಕೈಕೆಳಗೆ ದುಡಿದೆ. ನಿನ್ನನ್ನೂ ಪೂರಾ ನರ್ಸ್ ಎಂದು ಒಪ್ಪಿಕೊಳ್ಳಲು ಅದೊಂದು ಪರೀಕ್ಷೆ ಉಳಿದಿತ್ತು. ವಾರ್ಡಿನ ಒಬ್ಬ ಅಜ್ಜಿಯನ್ನು ಮುಂಜಾನೆ ಎಬ್ಬಿಸಿ, ತೊಳೆದು, ಉಣಿಸಿ ತೋರಿಸಬೇಕಿತ್ತು, ಅಷ್ಟೇ. ಆ ಅಜ್ಜಿ ಮುಖ ಒರೆಸಿಕೊಳ್ಳಲು ಕೈ ಎತ್ತಿದಳಂತೆ. ನೀನು ಮೆಲ್ಲಗೆ ಆ ಕೈ ಇಳಿಸಿ ನೀನೇ ಒರೆಸಿದೆ, ತಲೆ ಬಾಚಿದೆ, ಅಂಗಿಯ ಗುಂಡಿ ಹಾಕಿದೆ, ಬ್ರೆಡ್ಡಿಗೆ ಬೆಣ್ಣೆ ಸವರಿ ಬಾಯಿತನಕ ಒಯ್ದೆ. ಅದೇ ತಪ್ಪಾಯಿತಂತೆ. ಆಕೆ ಮಾಡಬಲ್ಲ ಕೆಲಸವನ್ನೆಲ್ಲ ನೀನು ಕಸಿದುಕೊಂಡೆ, ಹೀಗೇ ಆದರೆ ಆಕೆ ಕೈ ಎತ್ತುವುದನ್ನೇ ಮರೆಯುತ್ತಾಳೆ ಎಂದರಂತೆ.

ಫೋನ್ ಇಟ್ಟವಳೇ ಬಾಜೂ ಮನೆಯ ಜಮಾಲಬಿಯನ್ನು ಕರೆದು ಹೇಳಿದೆ. “ಮುದುಕಿ ಸೇವಾ ಮಾಡಿದ್ದಕ್ಕ ಫೇಲ್ ಮಾಡ್ತಾರಂದ್ರ ಎಂಥಾ ಮಂದಿಬೇ ಅವರು!” ಅಂದೆ. ಹಿರಿಯರು ತಿಣುಕಾಡುವಾಗ ಹರೆಯದವಳು ಕೈಕಟ್ಟಿ ನೋಡುತ್ತ ನಿಂತರೆ ನಮ್ಮ ಕಡೆ ಆಕೆಗೆ ಒಂದು ತಂಬಿಗೆ ನೀರನ್ನಾದರೂ ಯಾರು ಕೊಡುತ್ತಾರೆ? ಜಮಾಲಬಿ ಸುಮ್ಮನೆ ಕೇಳುವವಳಲ್ಲ. “ಹಂಗಿದ್ರ ನಮ್ಮ ಓಣಿ ಸೊಸ್ತೇರೆಲ್ಲಾ ಅಲ್ಲೆ ಪಹಿಲಾ ನಂಬರ್ ಪಾಸ್ ಆಗ್ತಾರ ತಗೋ ಗುರವ್ವಾ” ಅಂದಳು. ಸಿಟ್ಟಿನಲ್ಲೂ ನಗು ಬಂತು.

ನಮ್ಮ ಸೊಸೆ ಶೈಲಾ ಮಾತ್ರ ಆ ಲೆಕ್ಕಕ್ಕೆ ಬರುವವಳಲ್ಲ. ದೀಪಾವಳಿ ಮುಗಿದ ವಾರದಲ್ಲಿ ನನಗೆ ಲಕ್ವಾ ಹೊಡೆದಾಗಿನಿಂದ ನನ್ನ ಕೈಗೆ ಒಂದು ಕಡ್ಡಿ ಮುಟ್ಟಗೊಟ್ಟಿರಲಿಲ್ಲ. ಜಳಕ ಮಾಡಿಸುವುದು, ಸೀರೆ ಉಡಿಸುವುದು, ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಉಣಿಸುವುದು, ಎಲ್ಲ ಆಕೆಯೇ. ನಾನೂ ಒಗ್ಗಿಕೊಂಡಿದ್ದೆ. ಯಾರಿಗೆ ಬೇಡ ಹೇಳು, ಅಷ್ಟು ಅಕ್ಕರೆ?

ಒಂದು ದಿನ ಮಧ್ಯಾಹ್ನ ಉಣಿಸುತ್ತಿದ್ದಾಗ ಬಾಗಿಲಿಗೆ ಸಿಲಿಂಡರಿನವನು ಬಂದ. ಶೈಲಾ ಗಂಗಾಳ ನನ್ನ ಮುಂದಿಟ್ಟು ಎದ್ದುಹೋದಳು. ಅವನ ಹತ್ತಿರ ಚಿಲ್ಲರೆ ಇಲ್ಲ, ಇವಳಿಗೆ ಪಾಸಬುಕ್ ಸಿಗುತ್ತಿಲ್ಲ, ನನಗೆ ಹೊಟ್ಟೆ ಚುರುಗುಟ್ಟುತ್ತಿದೆ. ಕೈ ತಾನಾಗಿ ಗಂಗಾಳಕ್ಕೆ ಹೋಯಿತು. ಅರ್ಧ ಪಲ್ಯ ಸೆರಗಿನ ಮೇಲೆ ಬಿತ್ತು, ಆದರೂ ತುತ್ತು ಬಾಯಿಗೆ ಮುಟ್ಟಿತು. ಶೈಲಾ ಓಡಿ ಬಂದು “ಅಯ್ಯ ಅತ್ತಿ, ನಾ ಬರೂತನಾ ತಡೀಬಾರದೇನ್ರಿ” ಎಂದು ಕೈ ಒರೆಸಿ, ಮೆಲ್ಲಗೆ ತೊಡೆಯ ಮೇಲೆ ಇಟ್ಟಳು.

ನೇತ್ರಾ, ಆಗ ನನಗೆ ತಿಳಿಯಿತು. ನಿನ್ನ ಆ ಜರ್ಮನಿ ಅಜ್ಜಿ ನಾನೇ. ಇನ್ನೊಂದು ಆರು ತಿಂಗಳು ಹೀಗೇ ಹೋಗಿದ್ದರೆ ನನ್ನ ಕೈ ಕಟ್ಟಿಗೆಯಾಗುತ್ತಿತ್ತು, ಅದೂ ಪ್ರೀತಿಯಿಂದ. ನನಗೆ ಅಗದಿ ಹೆದರಿಕೆಯಾಯಿತು.

ಅಂದಿನಿಂದ ಹಟ ಹಿಡಿದೆ. ಉಣ್ಣುವುದು ನಾನೇ, ತಲೆ ಬಾಚಿಕೊಳ್ಳುವುದು ನಾನೇ. ಶೈಲಾ ಎದುರಿಗೆ ಕುಳಿತು ನೋಡಬೇಕು, ಬಿದ್ದರೆ ಮಾತ್ರ ಹಿಡಿಯಬೇಕು. ಪಾಪ, ಆಕೆಗೆ ಇದು ಹಿಂಸೆ. “ನಾ ಬೇಕಾದ್ರ ನಾಕ್ ಸೇರಿನ ರೊಟ್ಟಿ ಬಡೀತೇನ್ರಿ ಅತ್ತಿ, ನೋಡ್ಕೋತ ಕುಂಡ್ರೂದು ಆಗವಲ್ದು” ಅನ್ನುತ್ತಾಳೆ. ಮೇಲಿಂದ ಅಣ್ಣಿಗೇರಿಯ ನಿಮ್ಮ ಸೋದರತ್ತೆ ಬಂದು ಕಂಡದ್ದೇನು? ನಾನು ಗಂಗಾಳ ತೊಳೆಯುತ್ತಿದ್ದೇನೆ, ಸೊಸೆ ಪಕ್ಕದಲ್ಲಿ ಕೈಕಟ್ಟಿ ಕುಳಿತಿದ್ದಾಳೆ. “ಲಕ್ವಾ ಹೊಡದ ಅತ್ತಿ ಕೈಲೆ ಮುಸುರಿ ತಿಕ್ಕಸ್ತಾಳ, ತಾ ಆರಾಮ ಕುಂತಾಳ” ಎಂದು ಓಣಿತುಂಬ ಸಾರಿದಳು. ಶೈಲಾ ಅಡಿಗೆಮನೆ ಸೇರಿ ಅತ್ತಳು. ನಾನು ಸುಮ್ಮನಿರಲಿಲ್ಲ. “ಆಕಿ ಜರ್ಮನಿ ಪರೀಕ್ಷಾ ಕಟ್ಟ್ಯಾಳ, ನಿನಗೇನ್ ತಿಳೀತೈತಿ” ಅಂದೆ. ನಿಮ್ಮ ಅತ್ತೆ ಚಹಾ ಕುಡಿಯದೆ ಬಸ್ ಹತ್ತಿದಳು.

ಮೊನ್ನೆ ಸಂಕ್ರಾಂತಿಗೆ ಒಂದು ರೊಟ್ಟಿ ಬಡಿದೆ. ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ನಿಮ್ಮಣ್ಣ ಸಂಗನಬಸವ ಅದನ್ನೇ ಮೊದಲು ಎತ್ತಿಕೊಂಡು ತಿಂದ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಬರುವ ತಿಂಗಳು ಇನ್ನೊಮ್ಮೆ ಪರೀಕ್ಷೆ ಇದೆ, ಅದು ತಪ್ಪಿದರೆ ಮತ್ತೆ ಅವಕಾಶವಿಲ್ಲ, ಬಲ್ಲೆ. “ಅದರ ಗೊಡವಿನ ಬ್ಯಾಡವ್ವಾ, ಹುಬ್ಬಳ್ಯಾಗ ಹಳೇ ಕೆಲಸ ಕೊಡ್ತಾರ, ನಿನ್ನ ನೋಡ್ಕೊಂಡು ಇರ್ತೇನಿ” ಎಂದೆಯಲ್ಲ, ಬೈಗುಳ ಇರುವುದು ಆ ಮಾತಿಗೆ. ನೋಡಿಕೊಳ್ಳುವುದೆಂದರೆ ಏನು? ಬಂದವಳೇ ನನ್ನ ಗಂಗಾಳ ಕಸಿದುಕೊಳ್ಳುತ್ತೀ. ನನ್ನ ಹೆಸರು ಮುಂದಿಟ್ಟುಕೊಂಡು ಹೆದರಿ ಓಡಿ ಬರಬೇಡ. ನೀನು ಹೆದರಿದ್ದೀಯ, ಅಷ್ಟೇ. ಹೆದರು, ತಪ್ಪಲ್ಲ. ಹೆದರಿಕೊಂಡೇ ಪರೀಕ್ಷೆಗೆ ಹೋಗು.

ಆ ಅಜ್ಜಿಯ ಮುಂದೆ ನಿಂತಾಗ ಕೈ ಹಿಂದಕ್ಕೆ ಕಟ್ಟಿಕೋ. ಆಕೆ ಗುಂಡಿ ತಪ್ಪಿಸಿದರೆ ತಪ್ಪಿಸಲಿ. ಬೆಣ್ಣೆ ಚೆಲ್ಲಿದರೆ ಚೆಲ್ಲಲಿ. ನಿನ್ನ ಜೀವ ಚಡಪಡಿಸುತ್ತದೆ, ಗೊತ್ತು; ನನ್ನ ಮಗಳಲ್ಲವೇ. ಅವಳಿಗೆ ಆಗದೇ ಹೋದರೆ ಮಾತ್ರ ಕೈ ಕೊಡು. ಮುದುಕಿಯಾದವಳಿಗೆ ತನ್ನ ಮುಖ ತಾನೇ ಒರೆಸಿಕೊಳ್ಳುವುದೆಂದರೆ ಎಷ್ಟು ದೊಡ್ಡದು ಎಂಬುದು ನನಗೆ ಈಗ ಗೊತ್ತಾಗಿದೆ. ನನ್ನಿಂದ ಕೇಳಿ ತಿಳಿದುಕೋ.

ಇಲ್ಲಿ ಕಡಲೆ ಕೀಳಲು ಆಳು ಸಿಗುತ್ತಿಲ್ಲ. ಬಾಕಿ ಎಲ್ಲ ಆರಾಮ. ಅಲ್ಲಿಯ ಥಂಡಿಗೆ ಕಾಲುಚೀಲ ಹಾಕಿಕೊಂಡೇ ಮಲಗು. ಪರೀಕ್ಷೆ ಮುಗಿಯುವತನಕ ಅಳುವ ಫೋನ್ ಮಾಡಬೇಡ, ಮುಗಿದ ಮೇಲೆ ಎಷ್ಟಾದರೂ ಅಳು.

ಬೈದಷ್ಟೇ ಹರಸಿರುವ,
ನಿನ್ನ ಅವ್ವ,
ಗುರವ್ವ

ತಾ.ಕ.: ಬರುತ್ತೇನೆ ಎಂದು ನೀನು ಹೇಳಿದ ದಿನ ನಾನು ಫೋನಿನಲ್ಲಿ “ಬ್ಯಾಡ” ಎಂದು ಗದರಿದೆನಲ್ಲ. ಫೋನ್ ಇಟ್ಟ ಕೂಡಲೇ ಅಟ್ಟದ ಮೇಲಿನ ನಿನ್ನ ಹಾಸಿಗೆ ಇಳಿಸಿ, ಬಿಸಿಲಿಗೆ ಹಾಕಿಸಿ, ನನ್ನ ಮಂಚದ ಪಕ್ಕದಲ್ಲೇ ಹಾಸಿಸಿದ್ದೆ. ನಿನಗೆ ಹೇಳಬೇಡ ಎಂದು ಶೈಲಾಳಿಂದ ಆಣೆ ಮಾಡಿಸಿಕೊಂಡಿದ್ದೆ. ಅದು ಇಷ್ಟು ದಿನ ಹಾಗೇ ಇತ್ತು. ಇವತ್ತು ಮುಂಜಾನೆ ಮಡಚಿ ಇಟ್ಟೆ. ಶೈಲಾ ಬಾಗಿಲಲ್ಲಿ ನಿಂತು ನೋಡಿದಳು, ಒಳಗೆ ಬರಲಿಲ್ಲ. ನಾನೊಬ್ಬಳೇ, ಎರಡೂ ಕೈಯಿಂದ.